18 ಅಡಿ ದೂರ ಹೋದ ಹಲಗೆ ಮನೆ

ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಪ್ಪನ ಅಡಿಕೆ ತೋಟದ ಮೂಲೆಯಲ್ಲಿ ಒಂದು ಹಲಗೆ ಮನೆ ಇದೆ. 10 ಅಡಿ ಅಗಲ, 12 ಅಡಿ ಉದ್ದ. ಮರದ ಕಂಬ, ಹಲಗೆ ಗೋಡೆ, ಹಲಗೆ ನೆಲ, ಮೇಲೆ ಮಂಗಳೂರು ಹೆಂಚು. ಕೊಯ್ಲಿನ ದಿನಗಳಲ್ಲಿ ರಾತ್ರಿ ಕಾವಲಿಗೆ ಮಲಗಲು, ಉಳಿದಂತೆ ದೋಟಿ, ಹಗ್ಗ, ಗೊಬ್ಬರದ ಚೀಲ ಇಡಲು. ಮಳೆಗಾಲ ಬಂತೆಂದರೆ ಅದರ ಅಡಿಯಲ್ಲೇ ಜಲ ಒಡೆಯುತ್ತಿತ್ತು. ಕಂಬದ ಬುಡಗಳು ಕೊಳೆಯಲು ಶುರುವಾಗಿದ್ದವು.

ಮರ ಕೊಳೆಯುವ ಜಾಗವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಣ್ಣಿನ ಆಳದಲ್ಲಿದ್ದ ಭಾಗ ಸುಮಾರಾಗಿ ಗಟ್ಟಿಯೇ ಇತ್ತು. ಮಣ್ಣು ಮುಗಿದು ಗಾಳಿ ಶುರುವಾಗುವ ಗೆರೆಯಲ್ಲಿ ಮಾತ್ರ ಕತ್ತಿಯ ತುದಿ ಸಲೀಸಾಗಿ ಒಳಗೆ ಹೋಯಿತು. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಚೆನ್ನಾಗಿ ಸಿಗುವುದು ಆ ಗೆರೆಯಲ್ಲೇ. ಕೆರೆಯ ತಳದಲ್ಲಿ ಮುಳುಗಿದ ದಿಮ್ಮಿ ವರ್ಷಗಟ್ಟಲೆ ಕೆಡದೆ ಉಳಿಯುವುದೂ ಇದೇ ಕಾರಣಕ್ಕೆ, ಅಲ್ಲಿ ಗಾಳಿ ಇಲ್ಲ.

ಕೆಡವಿ ಹೊಸದು ಕಟ್ಟೋಣ ಎಂದು ಮನೆಯವರೆಲ್ಲ ಹೇಳಿದರು. ದೊಡ್ಡಪ್ಪ ಒಪ್ಪಲಿಲ್ಲ. "ಕೆಡವೋದು ಯಾಕೆ ಮಾರಾಯ, ಎತ್ತಿ ಮೇಲಿನ ತಟ್ಟಿಗೆ ಇಟ್ಟರಾಯ್ತು" ಎಂದರು. ಮೇಲಿನ ತಟ್ಟು ಅಂದರೆ 18 ಅಡಿ ದೂರ. ಫೆಬ್ರವರಿ ತಿಂಗಳು, ಕೊಯ್ಲು ಮುಗಿದಿತ್ತು, ನೆಲ ಒಣಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಪಕ್ಕದ ಸೀಮೆಯವರು ಇಂಥ ಕೆಲಸಕ್ಕೆ ಬೇಸಿಗೆಯನ್ನೇ ಕಾಯಬೇಕು.

ಮೊದಲು ತೂಕದ ಲೆಕ್ಕ. ಒಂದು ಹೆಂಚು ಸುಮಾರು ಎರಡೂವರೆ ಕೆ.ಜಿ. ಈ ಪುಟ್ಟ ಮನೆಗೂ 250 ಹೆಂಚು ಬೇಕು. ಅಲ್ಲಿಗೆ 600 ಕೆ.ಜಿ. ದಾಟಿತು! ಮರದ ತೂಕ ಸುಮಾರು ಒಂದು ಟನ್. ಹೆಂಚು ಇಳಿಸಿ ಬದಿಯಲ್ಲಿ ಜೋಡಿಸಿಟ್ಟರೆ ಮೂರನೇ ಒಂದು ಭಾಗಕ್ಕೂ ಜಾಸ್ತಿ ತೂಕ ಹೋಯಿತು. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಹೋದದ್ದು ತಲೆಯ ಮೇಲಿನ ಭಾರ. ತಲೆಭಾರ ಇಳಿದರೆ ಮನೆ ಓಲಾಡುವುದು ಕಡಿಮೆಯಾಗುತ್ತದೆ.

ಆಮೇಲೆ ಗೋಡೆಗಳಿಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹೊಡೆದೆವು. ನಾಲ್ಕು ಕಡ್ಡಿಯ ಚೌಕವನ್ನು ತಳ್ಳಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ಓರೆ ದಬ್ಬೆ ಒಂದು ಚೌಕವನ್ನು ಎರಡು ತ್ರಿಕೋನ ಮಾಡುತ್ತದೆ, ಅಷ್ಟೇ. ಸಾಗಿಸಿದ ಮೇಲೆ ಮೂಲೆ ಸರಿದಿದೆಯೇ ಎಂದು ನೋಡಲು ನೆಲದ ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡೆವು: ಎರಡೂ 15 ಅಡಿ 7½ ಇಂಚು.

ಎತ್ತುವ ಕೆಲಸಕ್ಕೆ ಲಾರಿಯ ಜಾಕಿ ಸಾಕಾಯಿತು. ತೊಂದರೆ ಇದ್ದದ್ದು ಜಾಕಿಯ ಕೆಳಗಿನ ಮಣ್ಣಿನಲ್ಲಿ. ಅಂಗೈಯಷ್ಟು ತಳದ ಮೇಲೆ 300 ಕೆ.ಜಿ. ಕೂತರೆ ಮನೆ ಏಳುವ ಬದಲು ಜಾಕಿಯೇ ಕೆಳಗೆ ಇಳಿಯುತ್ತದೆ. ಅಡಿಗೆ ಒಂದು ದಪ್ಪ ಹಲಗೆ ಕೊಟ್ಟರೆ ಅದೇ ಭಾರ ಹತ್ತಾರು ಪಟ್ಟು ಅಗಲಕ್ಕೆ ಹರಡಿತು. ಕೆಸರು ಗದ್ದೆ ಸಮ ಮಾಡುವಾಗ ಹಲಗೆಯ ಮೇಲೆ ನಿಂತವನ ಕಾಲು ಹೂಳುವುದಿಲ್ಲ ಅಲ್ವಾ, ಹಾಗೆ. ಒಂದೊಂದೇ ಇಂಚು ಎತ್ತುವುದು, ಕೂಡಲೇ ಕೆಳಗೆ ಅಡ್ಡಅಡ್ಡವಾಗಿ ಮರದ ತುಂಡು ಪೇರಿಸುವುದು. ಜಾಕಿಯನ್ನು ಮಾತ್ರ ನಂಬಿ ಯಾರೂ ಮನೆಯಡಿಗೆ ಕೈ ಹಾಕಬಾರದು. ಇದರಲ್ಲಿ ದೊಡ್ಡಪ್ಪ ಬಹಳ ಕಟ್ಟುನಿಟ್ಟು. ಹಾಗೆ ಎತ್ತಿ, ಕೊಳೆತ ಬುಡ ಕತ್ತರಿಸಿ, ಉದ್ದಕ್ಕೆ ಎರಡು ತೊಲೆ ಕೂರಿಸಿದೆವು.

ಒಂದು ಟನ್ ಮರವನ್ನು ಹಲಗೆಯ ಮೇಲೆ ಸುಮ್ನೆ ಎಳೆದರೆ ಉಜ್ಜಾಟಕ್ಕೇ ಸುಮಾರು 400 ಕೆ.ಜಿ.ಯಷ್ಟು ಬಲ ಹೋಗುತ್ತದೆ. ನಡುವೆ ಉರುಳೆ ಕೊಟ್ಟರೆ 40 ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ತೋಟದಲ್ಲೇ ಬಿದ್ದ ಅಡಿಕೆ ಮರ ಇದೆಯಲ್ಲ, ಅದನ್ನೇ ಉರುಳೆ ಮಾಡೋಣ ಎಂದು ನಾನು ಹೇಳಿದೆ. ಹೇಳಬಾರದಿತ್ತು. ಅಡಿಕೆ ಮರದ ಹೊರಗೆ ಮಾತ್ರ ಗಟ್ಟಿ, ಒಳಗೆ ಮೆತ್ತಗಿನ ನಾರು. ಭಾರ ಬಿದ್ದರೆ ಚಪ್ಪಟೆಯಾಗುತ್ತದೆ. ಮೇಲಾಗಿ ಬುಡ ದಪ್ಪ, ತುದಿ ಸಣ್ಣ. ಉರುಳುವಾಗ ದಪ್ಪ ತುದಿ ಹೆಚ್ಚು ದೂರ ಹೋಗುತ್ತದೆ, ಮನೆ ಒಂದು ಕಡೆಗೆ ತಿರುಗಿಬಿಡುತ್ತದೆ. ಕೊನೆಗೆ ಒಂದೇ ಅಳತೆಯ ದಪ್ಪ ಕಬ್ಬಿಣದ ಪೈಪು ತಂದೆವು.

ಪೈಪು ಉರುಳುವುದನ್ನು ಕೂತು ನೋಡುವುದೇ ಒಂದು ಖುಷಿ. ಪೈಪು ಒಂದು ಅಡಿ ಹೋದರೆ ಮನೆ ಎರಡು ಅಡಿ ಹೋಗುತ್ತದೆ. ಪೈಪಿನ ತಳ ಆ ಕ್ಷಣಕ್ಕೆ ಹಲಗೆಯ ಮೇಲೆ ನಿಂತಿರುತ್ತದೆ, ನಡು ಮುಂದೆ ಸಾಗುತ್ತದೆ, ನೆತ್ತಿ ಅದರ ಎರಡರಷ್ಟು ವೇಗದಲ್ಲಿ ಹೋಗುತ್ತದೆ. ಮನೆ ಕೂತಿರುವುದು ನೆತ್ತಿಯ ಮೇಲೆ. ಹಾಗಾಗಿ ಪೈಪುಗಳು ಹಿಂದೆ ಬೀಳುತ್ತಾ ಬರುತ್ತವೆ, ಒಬ್ಬರು ಅವನ್ನು ಎತ್ತಿ ಮತ್ತೆ ಮುಂದೆ ಇಡುತ್ತಲೇ ಇರಬೇಕು. ದಿಕ್ಕು ಬದಲಿಸಲು ಪೈಪಿನ ಒಂದು ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಾಕು.

ದಾರಿ 20 ಅಡಿಗೆ ಒಂದು ಅಡಿಯಂತೆ ಏರು. ಅದಕ್ಕೆ ಇನ್ನೊಂದು 50 ಕೆ.ಜಿ. ಬಲ ಸೇರಿತು. ಆರು ಜನ ಸೇರಿದರೆ ತಲೆಗೆ 15 ಕೆ.ಜಿ., ಕಷ್ಟವೇನಲ್ಲ. ಮೊದಲ ಕದಲಿಕೆಗೆ ಮಾತ್ರ ಜಾಸ್ತಿ ಬಲ ಬೇಕು. ತೇರು ಹೊರಡಿಸಲು ಗಾಲಿಗೆ ಸನ್ನೆ ಹಾಕುವ ಹಾಗೆ ನಾವೂ ತೊಲೆಯ ಹಿಂದೆ ಹಾರೆ ಕೊಟ್ಟು ಮೀಟಿದೆವು.

ನನಗೆ ಭಯ ಇದ್ದದ್ದು ಹಿಂದಕ್ಕೆ ಜಾರಿದರೆ ಏನು ಗತಿ ಎಂದು. ದೊಡ್ಡಪ್ಪ ಮನೆಗೆ ಇನ್ನೊಂದು ಹಗ್ಗ ಕಟ್ಟಿ, ಮೇಲಿದ್ದ ಹಲಸಿನ ಮರಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದು ನಿಂತರು. ಎಪ್ಪತ್ತು ದಾಟಿದವರು, ಒಂದೇ ಕೈಯಲ್ಲಿ! ಮರಕ್ಕೆ ಹಗ್ಗ ಒಂದು ಸುತ್ತು ಹಾಕಿದರೆ ತುದಿಯಲ್ಲಿ ಹಿಡಿಯಬೇಕಾದ ಬಲ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡನೇ ಸುತ್ತು ಆ ಪಾಲನ್ನೂ ಮತ್ತೆ ಆರರಲ್ಲಿ ಒಂದು ಮಾಡುತ್ತದೆ. 50 ಕೆ.ಜಿ. ಎಳೆತ ಮೊದಲ ಸುತ್ತಿಗೆ ಎಂಟು ಕೆ.ಜಿ., ಎರಡನೆಯದಕ್ಕೆ ಸುಮಾರು 1.4 ಕೆ.ಜಿ. ಇದರ ಹಿಂದಿನ ಗಣಿತವನ್ನು 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಬರೆದಿಟ್ಟ. ಹೋರಿ ಕಟ್ಟಿ ಅಭ್ಯಾಸ ಇದ್ದ ದೊಡ್ಡಪ್ಪನ ಕೈಗೆ ಅದು ಮೊದಲೇ ಗೊತ್ತಿತ್ತು.

ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಮೇಲಿನ ತಟ್ಟಿನಲ್ಲಿತ್ತು. ಪೈಪು ತೆಗೆದು ತೊಲೆಗಳನ್ನು ಜಂಬಿಟ್ಟಿಗೆ ಕಲ್ಲಿನ ಮೇಲೆ ಇಳಿಸಿದೆವು, ಈ ಸಲ ಮಣ್ಣಿಗೆ ಮರ ತಾಗದ ಹಾಗೆ. ಟೇಪು ಹಿಡಿದೆವು. ಒಂದು ಕರ್ಣ ಕಾಲು ಇಂಚು ಜಾಸ್ತಿ ಬಂತು. ಒಂದು ಮೂಲೆಗೆ ತೆಳ್ಳನೆಯ ಬೆಣೆ ಕೊಟ್ಟು ಸರಿಮಾಡಿದೆವು. ದೊಡ್ಡಪ್ಪ ಹೋಗಿ ಬಾಗಿಲು ಎಳೆದರು. ಚಿಲಕ ತನ್ನ ತೂತಿಗೇ ಹೋಗಿ ಕೂತಿತು.