ರಗ್ಬಿ ವಿಶ್ವಕಪ್ ಹೆಚ್ಚು ಸಲ ಗೆದ್ದವರು ನ್ಯೂಜಿಲೆಂಡಿನವರಲ್ಲವೇ?

ಓದುಗರ ಪ್ರಶ್ನೆ: ರಗ್ಬಿ ಎಂದರೆ ನ್ಯೂಜಿಲೆಂಡ್ ಎನ್ನುತ್ತಾರೆ. ವಿಶ್ವಕಪ್ಪನ್ನು ಹೆಚ್ಚು ಸಲ ಗೆದ್ದವರೂ ಅವರೇ ತಾನೇ?

ಅಲ್ಲ, ದಕ್ಷಿಣ ಆಫ್ರಿಕಾದವರು. 1987ರಿಂದ 2023ರವರೆಗೆ ನಡೆದ ಪುರುಷರ ಹತ್ತು ವಿಶ್ವಕಪ್‌ಗಳಲ್ಲಿ ನಾಲ್ಕು ಅವರ ಪಾಲಾಗಿವೆ: 1995, 2007, 2019, 2023. ನ್ಯೂಜಿಲೆಂಡಿಗೆ ಮೂರು, ಆಸ್ಟ್ರೇಲಿಯಾಕ್ಕೆ ಎರಡು, ಇಂಗ್ಲೆಂಡಿಗೆ 2003ರದ್ದೊಂದು. ಮೂರು ಸಲ ಫೈನಲ್ ತಲುಪಿ ಮೂರು ಸಲವೂ ಬರಿಗೈಲಿ ಮರಳಿದ ಫ್ರಾನ್ಸನ್ನು ನೆನೆದರೆ ಅಯ್ಯೋ ಎನಿಸುತ್ತದೆ. ವರ್ಣಭೇದ ನೀತಿಯ ಕಾರಣಕ್ಕೆ ದಕ್ಷಿಣ ಆಫ್ರಿಕಾ ಮೊದಲ ಎರಡು ಕೂಟಗಳಲ್ಲಿ ಆಡಿರಲೇ ಇಲ್ಲ. ಅಂದರೆ ಆಡಿದ್ದು ಎಂಟು, ಗೆದ್ದದ್ದು ಅರ್ಧ.

ಗೆದ್ದ ಬಗೆ ಇನ್ನೂ ವಿಚಿತ್ರ. ರಗ್ಬಿಯ ಸೊಗಸಿರುವುದು ‘ಟ್ರೈ’ಯಲ್ಲಿ: ಚೆಂಡು ಹಿಡಿದು ಓಡಿ, ಎದುರಾಳಿಯ ಗೋಲು ಗೆರೆಯಾಚೆ ಅದನ್ನು ನೆಲಕ್ಕೊತ್ತಿದರೆ ಐದು ಅಂಕ. ದಕ್ಷಿಣ ಆಫ್ರಿಕಾ ತಾನು ಗೆದ್ದ ನಾಲ್ಕು ಫೈನಲ್‌ಗಳ ಪೈಕಿ ಮೂರರಲ್ಲಿ ಒಂದೇ ಒಂದು ಟ್ರೈ ಗಳಿಸಿಲ್ಲ. ಕಾಲಿನಿಂದಲೇ, ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದು, ಮೂರು ಮೂರು ಅಂಕ ಕೂಡಿಸಿಕೊಂಡು ಗೆದ್ದವರು ಅವರು.

ಜೊಹಾನ್ಸ್‌ಬರ್ಗ್‌ನ 1995ರ ಫೈನಲ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ತಂಡದ ಹಸಿರು ಅಂಗಿ ತೊಟ್ಟು ಬಂದ ಮಂಡೇಲಾ. ನ್ಯೂಜಿಲೆಂಡ್ ವಿರುದ್ಧ 15–12ರಲ್ಲಿ ಬಂದ ಆ ಗೆಲುವಿನ ಹದಿನೈದು ಅಂಕಗಳೂ ಜೋಯೆಲ್ ಸ್ಟ್ರಾನ್ಸ್ಕಿ ಒಬ್ಬರದೇ ಎಂಬುದು ಮಾತ್ರ ಅನೇಕರಿಗೆ ಮರೆತಿದೆ. ಹೆಚ್ಚುವರಿ ಅವಧಿಯಲ್ಲಿ ಸ್ಕೋರು 12–12 ಇದ್ದಾಗ ಅವರು ಕೈಯಲ್ಲಿದ್ದ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿಯುತ್ತಿದ್ದಂತೆಯೇ ಕಂಬಗಳ ನಡುವೆ ಒದ್ದರು. ‘ಡ್ರಾಪ್ ಗೋಲ್’ ಎನ್ನುವುದು ಇದಕ್ಕೇ. 2007ರಲ್ಲಿ ಇಂಗ್ಲೆಂಡನ್ನು 15–6ರಿಂದ ಮಣಿಸಿದ್ದು ಐದು ಪೆನಾಲ್ಟಿಗಳಿಂದ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒದೆತಗಳಿಂದ; ಆಟವಾಗಿ ನೋಡಿದರೆ ಸಪ್ಪೆ.

2023ರದ್ದು ಸಪ್ಪೆಯಲ್ಲ, ಎದೆ ನಡುಗಿಸಿದ್ದು. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 29–28, ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16–15, ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 12–11. ಮೂರರಲ್ಲೂ ಒಂದೊಂದೇ ಅಂಕದ ಅಂತರ! ಫೈನಲ್‌ನ ಹನ್ನೆರಡೂ ಅಂಕ ಹ್ಯಾಂಡ್ರೆ ಪೊಲಾರ್ಡ್ ಅವರ ನಾಲ್ಕು ಪೆನಾಲ್ಟಿಗಳವು. ಅವರು ಮೊದಲು ಪ್ರಕಟಿಸಿದ ತಂಡದಲ್ಲೇ ಇರಲಿಲ್ಲ, ಆಟಗಾರರೊಬ್ಬರು ಗಾಯಗೊಂಡದ್ದರಿಂದ ಕರೆ ಬಂದಿತ್ತು. ನಾಯಕ ಸ್ಯಾಮ್ ಕೇನ್ ರೆಡ್ ಕಾರ್ಡ್ ಪಡೆದು ಹೊರನಡೆದಿದ್ದರಿಂದ ನ್ಯೂಜಿಲೆಂಡ್ ಹದಿನಾಲ್ಕೇ ಮಂದಿಯೊಂದಿಗೆ ಆಡುತ್ತಿತ್ತು. ಆದರೂ ಆ ಪಂದ್ಯದ ಏಕೈಕ ಟ್ರೈ ಅವರದೇ.

ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ 2019ರ ಫೈನಲ್‌ನಲ್ಲಿ ಓಡಿ ಟ್ರೈ ಗಳಿಸಿದವರು. 2023ರ ಫೈನಲ್‌ನಲ್ಲಿ, ಹತ್ತು ನಿಮಿಷ ಹೊರಗಿರಬೇಕಾದ ಹಳದಿ ಕಾರ್ಡ್ ಪಡೆದ ಅವರು ಕೊನೆಯ ನಿಮಿಷಗಳನ್ನು ನೋಡಲಾರದೆ, ಅಂಗಿಯಿಂದ ಮುಖ ಮುಚ್ಚಿಕೊಂಡು ಮೈದಾನದಂಚಿನಲ್ಲಿ ಕುಳಿತಿದ್ದರು.