ಮೊಮ್ಮಗಳ ಕೈಗೆ ಸಿಗುವ ಸ್ವಿಚ್ಚು

ನನಗೆ ಇಂಟೀರಿಯರ್ ಡಿಸೈನ್ ಕೆಲಸ ಕಲಿಸಿದ ಮೇಡಂ ತೀರಿಕೊಂಡಾಗ ಬಂದವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. ದೊಡ್ಡ ಮನಸ್ಸು, ಒಳ್ಳೆ ಕೈ, ಮೊಮ್ಮಕ್ಕಳೆಂದರೆ ಪ್ರಾಣ. ಎಲ್ಲವೂ ನಿಜ. ಅವರ ಹಿಂದೆ ಸೈಟ್‌ಗಳಲ್ಲಿ ಓಡಾಡಿದವಳಾಗಿ ನಾನು ಇನ್ನೊಂದು ಮಾತು ಸೇರಿಸಬೇಕು. ಅವರ ಪ್ರೀತಿಯನ್ನು ಟೇಪು ಹಿಡಿದು ಅಳೆಯಬಹುದಿತ್ತು. ಕುರ್ಚಿಯ ಎತ್ತರದಲ್ಲಿ, ಮೆಟ್ಟಿಲಿನ ಅಂಚಿನಲ್ಲಿ, ದೀಪದ ಜಾಗದಲ್ಲಿ ಅದು ಕಾಣುತ್ತಿತ್ತು.

ಹೊಸ ಮನೆಗೆ ಮೊದಲ ಸಲ ಹೋದಾಗ ಅವರು ಬಣ್ಣದ ಮಾತೇ ಎತ್ತುತ್ತಿರಲಿಲ್ಲ. ‘ಬೆಳಿಗ್ಗೆ ಮೊದಲು ಏಳೋರು ಯಾರು? ಮಂಡಿನೋವು ಯಾರಿಗಿದೆ? ಮಕ್ಕಳು ಎಲ್ಲಿ ಕೂತು ಬರೀತಾರೆ?’ ಇಷ್ಟು ಕೇಳಿ, ಮನೆಯ ಹಿರಿಯರನ್ನು ಅವರು ದಿನಾ ಕೂರುವ ಜಾಗದಲ್ಲಿ ಕೂರಿಸಿ ಮಾತಿಗೆ ಎಳೆಯುತ್ತಿದ್ದರು. ಅವರು ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ ಅಂತ ಗಮನಿಸುತ್ತಿದ್ದರು. ಕುರ್ಚಿಯ ಕೈಗೋ, ಪಕ್ಕದ ಗೋಡೆಗೋ, ಸ್ವಂತ ಮಂಡಿಗೋ? ಮೇಡಂ ನೋಟ್‌ಬುಕ್ಕಿನಲ್ಲಿ ಮೊದಲು ಬರೆಯುತ್ತಿದ್ದುದು ಅದನ್ನೇ.

ಇದರ ಹಿಂದಿನ ಲೆಕ್ಕ ಸರಳ. ತಗ್ಗಿನ ಮೆತ್ತನೆ ಸೋಫಾದಲ್ಲಿ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಏಳುವಾಗ ಇಡೀ ಮೈಯ ಭಾರ ತೊಡೆ ಮತ್ತು ಮಂಡಿಯ ಮೇಲೆ ಬೀಳುತ್ತದೆ. ಸೀಟು ನೆಲದಿಂದ 43ರಿಂದ 48 ಸೆಂಟಿಮೀಟರ್ ಎತ್ತರದಲ್ಲಿದ್ದು, ಗಟ್ಟಿ ಕೈಗಳಿದ್ದರೆ ಹೆಚ್ಚಿನ ಹಿರಿಯರು ಯಾರ ಸಹಾಯವೂ ಇಲ್ಲದೆ ಎದ್ದು ನಿಲ್ಲಬಹುದು. ಅಂಥ ಕುರ್ಚಿ ಚೆಂದ ಕಾಣೋದಿಲ್ಲ ಅನ್ನುವವರಿಗೆ ಮೇಡಂ ಉತ್ತರ ಕೊಡುತ್ತಿದ್ದುದು ಕೆಲಸದಲ್ಲಿ. ಅದೇ ಅಳತೆ ಇಟ್ಟುಕೊಂಡು, ಕಾಲುಗಳನ್ನು ತೆಳ್ಳಗೆ ಮಾಡಿಸಿ, ಬಟ್ಟೆಗೆ ಜೀವ ತುಂಬುವ ಬಣ್ಣ ಆರಿಸಿ, ಮನೆಯವರೆಲ್ಲ ನಾನು ಕೂರ್ತೀನಿ ತಾನು ಕೂರ್ತೀನಿ ಅನ್ನುವಂಥ ಕುರ್ಚಿ ಮಾಡಿಸಿಬಿಡುತ್ತಿದ್ದರು.

ಮೊಮ್ಮಗಳು ಹುಟ್ಟಿದ ಮೇಲೆ ಅವರ ನಕ್ಷೆಗಳೇ ಬದಲಾದವು. ಗೋಡೆಯ ನಕ್ಷೆ ಬರೆಯುವಾಗ ಅಳತೆ ಗೊತ್ತಾಗಲಿ ಅಂತ ಒಬ್ಬ ದೊಡ್ಡ ಮನುಷ್ಯನ ಚಿತ್ರ ಹಾಕುವುದು ಎಲ್ಲರ ಅಭ್ಯಾಸ. ಮೇಡಂ ಇಬ್ಬರನ್ನು ಹಾಕಲು ಶುರು ಮಾಡಿದರು, ಅದೂ ಪೆನ್ಸಿಲ್‌ನಲ್ಲಿ. ಒಂದು ಕಡೆ ಕೈ ಮೇಲೆತ್ತಿ ನಿಂತ ಪುಟ್ಟ ಹುಡುಗಿ, ಇನ್ನೊಂದು ಕಡೆ ಕುರ್ಚಿಯಲ್ಲಿ ಕೂತ ಅಜ್ಜಿ. ಹುಡುಗಿಯ ಜುಟ್ಟು ಕೂಡ ಬಿಡದೆ ಬರೆಯುತ್ತಿದ್ದರು. ಇಬ್ಬರ ಕೈಗೂ ಸಿಗುವ ಪಟ್ಟಿಗೆ ತೆಳ್ಳಗೆ ಶೇಡ್ ಕೊಟ್ಟು, ದಿನಬಳಕೆಯ ಸ್ವಿಚ್ಚು, ಬಾಗಿಲ ಹಿಡಿ, ಬಟ್ಟೆಯ ಕೊಕ್ಕೆ ಎಲ್ಲವನ್ನೂ ಆ ಪಟ್ಟಿಯೊಳಗೇ ತರುತ್ತಿದ್ದರು. ಸ್ವಿಚ್ಚಿಗೆ ಅದು ಸುಮಾರು 90ರಿಂದ 120 ಸೆಂಟಿಮೀಟರ್. ಗಾಲಿಕುರ್ಚಿಯಲ್ಲಿ ಕೂತವರಿಗೂ ಇದೇ ಎತ್ತರ ಅನುಕೂಲ. ಕತ್ತಲಲ್ಲಿ ದೀಪ ಹಾಕಿಕೊಳ್ಳಲು ಮಗು ಯಾರನ್ನೂ ಕರೆಯುವ ಹಾಗಿರಬಾರದು ಅನ್ನುವುದು ಅವರ ಹಟ. ನನ್ನ ಪ್ರಕಾರ ಆ ಪೆನ್ಸಿಲ್ ಅಜ್ಜಿ–ಮೊಮ್ಮಗಳೇ ಅವರ ಅತ್ಯುತ್ತಮ ಕೆಲಸ. ಪ್ರಶಸ್ತಿಗೆ ಕಳಿಸುವ ಫೋಟೋದಲ್ಲಿ ಅದು ಕಾಣೋದಿಲ್ಲ. ಆ ಮನೆಗಳಲ್ಲಿ ಇರುವವರಿಗೆ ಮಾತ್ರ ದಿನಾ ಕೈಗೆ ಸಿಗುತ್ತದೆ.

ಬೀರುಗಳ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮಕ್ಕಳು ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಗೋಡೆಗೆ ಬಿಗಿಯದ ಎತ್ತರದ ಬೀರು ಆಗ ಮುಂದಕ್ಕೆ ಮಗುಚಿ ಬೀಳಬಹುದು. ಕೆಲಸ ಮುಗಿದ ದಿನ ಮೇಡಂ ಡ್ರಾಯರ್‌ಗಳನ್ನೆಲ್ಲ ಒಟ್ಟಿಗೆ ಎಳೆದು, ಕೆಳಗಿನದರ ಮೇಲೆ ತಮ್ಮ ಭಾರ ಹಾಕಿ ನೋಡುತ್ತಿದ್ದರು. ಬೀರು ಸ್ವಲ್ಪ ಅಲುಗಿದರೂ ಬಡಗಿಯನ್ನು ಕರೆದು, ‘ಅಪ್ಪಾ, ಇಲ್ಲಿ ನಮ್ಮ ಮೊಮ್ಮಕ್ಕಳು ಆಡ್ತಾರೆ ಅಂದ್ಕೋ, ಇನ್ನೆರಡು ಬ್ರಾಕೆಟ್ ಹಾಕು’ ಅನ್ನುತ್ತಿದ್ದರು. ಬೈದಿದ್ದನ್ನು ನಾನು ನೋಡಿಲ್ಲ. ಆದರೂ ಅವರ ಸೈಟ್‌ನಲ್ಲಿ ಯಾರೂ ಕೆಲಸ ಕೆಡಿಸುತ್ತಿರಲಿಲ್ಲ. ಬಾಲ್ಕನಿ ಕಂಬಿಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಬಿಡಲು ಅವರು ಒಪ್ಪುತ್ತಿರಲಿಲ್ಲ. ಮಗುವಿನ ತಲೆ ಅದರಲ್ಲಿ ತೂರಬಾರದು, ಅಷ್ಟೇ.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹಿರಿಯರಿರುವ ಮನೆಗಳಲ್ಲಿ ಇದನ್ನೇ ಎಲ್ಲರೂ ಮರೆಯುತ್ತಾರೆ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಗೆ ತಿರುಗುತ್ತದೆ. 20ರ ವಯಸ್ಸಿನಲ್ಲಿ ಕಣ್ಣಿನ ಒಳಪರದೆಗೆ ತಲುಪುತ್ತಿದ್ದ ಬೆಳಕಿನಲ್ಲಿ 60ರ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗವಷ್ಟೇ ತಲುಪುತ್ತದೆ. ಹಾಗಂತ ನಡುಚಾವಣಿಗೆ ಒಂದು ಜೋರು ದೀಪ ಹಾಕಿದರೆ ಸಾಲದು. ವಯಸ್ಸಾದ ಕಣ್ಣಿಗೆ ಪ್ರಖರ ಬೆಳಕು ಬೇಗ ಚುಚ್ಚುತ್ತದೆ, ಪಾಲಿಶ್ ಟೈಲ್ಸ್ ಮೇಲೆ ಅದರ ಹೊಳಪು ಬಿದ್ದರೆ ನೆಲ ಒದ್ದೆಯೋ ಒಣಗಿದೆಯೋ ಗೊತ್ತಾಗೋದಿಲ್ಲ. ಮೇಡಂ ದೀಪಗಳನ್ನು ಹಂಚಿ ಹಾಕಿಸುತ್ತಿದ್ದರು. ಓದುವ ಜಾಗಕ್ಕೊಂದು, ಅಡುಗೆ ಕಟ್ಟೆಯ ಮೇಲೊಂದು, ಮಂಚದಿಂದ ಬಚ್ಚಲವರೆಗೆ ನೆಲದ ಹತ್ತಿರ ಸಣ್ಣ ದೀಪಗಳು. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಅದು) ಬೆಚ್ಚಗಿನ, ಹಳದಿ ಛಾಯೆಯ ಬೆಳಕು. ನೆಲಕ್ಕೆ ಹೊಳಪಿಲ್ಲದ ಮ್ಯಾಟ್ ಫಿನಿಶ್. ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಬೇರೆ ಬಣ್ಣ. ಹಳದಿಗಟ್ಟಿದ ಮಸೂರಕ್ಕೆ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದು ಕಷ್ಟ, ಹಾಗಾಗಿ ಬಟ್ಟೆಯ ಬೀರುವಿನೊಳಗೂ ಒಂದು ದೀಪ. ಬಚ್ಚಲಲ್ಲಿ ಹಿಡಿದುಕೊಳ್ಳುವ ಸರಳನ್ನು ಬರೀ ಟೈಲ್ಸ್‌ಗೆ ಸಿಕ್ಕಿಸಿದರೆ ಭಾರಕ್ಕೆ ಕಿತ್ತುಬರುತ್ತದೆ. ಅದನ್ನು ಹಿಂದಿನ ಗಟ್ಟಿ ಗೋಡೆಗೇ ಬಿಗಿಸುತ್ತಿದ್ದರು, ನೆಲದಿಂದ 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿ.

ಇಷ್ಟೆಲ್ಲ ಅಳತೆ ನೋಡಿದವರ ಕೆಲಸ ಒಣಒಣವಾಗಿತ್ತು ಅಂದುಕೊಳ್ಳಬೇಡಿ. ಅವರ ಮನೆಗಳಿಗೆ ಹೋದರೆ ಎದ್ದುಬರಲು ಮನಸ್ಸಾಗುತ್ತಿರಲಿಲ್ಲ. ಐರಿಷ್ ಡಿಸೈನರ್ ಐಲೀನ್ ಗ್ರೇ ಅವರ ಗಾಜಿನ ಮೇಲುಹಲಗೆಯ ದುಂಡು ಮೇಜು ಅವರಿಗೆ ಬಹಳ ಇಷ್ಟ. 1920ರ ದಶಕದ ಆ ಮೇಜಿನ ಎತ್ತರವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಮೇಜಿನ ಪಾದ ಮಂಚದ ಕೆಳಗೆ ಸರಿದರೆ ಹಲಗೆ ಮಲಗಿದವರ ಎದುರಿಗೇ ಬರುತ್ತದೆ. ‘ಚೆಂದವೂ ಉಪಕಾರವೂ ಬೇರೆಬೇರೆ ಅಲ್ಲ, ಇದನ್ನು ನೋಡಿ’ ಅಂತ ನಮಗೆ ತೋರಿಸುತ್ತಿದ್ದರು.

ಬಣ್ಣ ಆರಿಸುವುದು ಮೊಮ್ಮಕ್ಕಳ ಹಬ್ಬ. ಒಂದೇ ಬಣ್ಣ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಂದು ಥರ, ಮನೆಯ ಕಿಟಕಿ ಬೆಳಕಿನಲ್ಲಿ ಇನ್ನೊಂದು ಥರ ಕಾಣುತ್ತದೆ ಅಲ್ವಾ? ಅದಕ್ಕೆ ಮೇಡಂ ಬೆರಳಗಲದ ಸ್ಯಾಂಪಲ್ ಚೀಟಿ ನಂಬುತ್ತಿರಲಿಲ್ಲ. ದೊಡ್ಡ ರಟ್ಟುಗಳಿಗೆ ಎರಡು ಕೋಟ್ ಬಳಿಯುವುದು ಮೊಮ್ಮಕ್ಕಳ ಕೆಲಸ. ಒಣಗಿದ ಮೇಲೆ ರಟ್ಟನ್ನು ಬೆಳಿಗ್ಗೆ ಒಂದು ಗೋಡೆಗೆ, ಸಂಜೆ ಇನ್ನೊಂದು ಗೋಡೆಗೆ ಒರಗಿಸಿ, ದೀಪ ಹಾಕಿಯೂ ಆರಿಸಿಯೂ ನೋಡಬೇಕು. ಮಕ್ಕಳು ಹೇಳಿದ್ದನ್ನೂ ಬರೆದುಕೊಳ್ಳುತ್ತಿದ್ದರು. ‘ಅಜ್ಜಿ, ಈ ಹಸಿರು ಸಂಜೆ ಹೊತ್ತು ಬೇಜಾರಾಗುತ್ತೆ’ ಅಂತ ಮೊಮ್ಮಗಳು ಅಂದಿದ್ದಕ್ಕೆ ಒಂದು ಕೋಣೆಯ ಬಣ್ಣವನ್ನೇ ಬದಲಾಯಿಸಿದರು. ಮಗು ಹೇಳಿದ್ದು ಸರಿಯಾಗಿಯೇ ಇತ್ತು.

ಈಗ ಮನೆಯವರು ಕೇಳುತ್ತಿದ್ದಾರೆ, ಅವರ ನಕ್ಷೆ, ಬಟ್ಟೆಯ ತುಂಡುಗಳನ್ನು ಏನು ಮಾಡೋಣ ಅಂತ. ಇಂಥ ಹಿರಿಯರಿದ್ದ ಯಾವ ಮನೆಗೂ ಇದೇ ಸಲಹೆ. ಟ್ರೇಸಿಂಗ್ ಪೇಪರ್ ವರ್ಷ ಕಳೆದಂತೆ ಹಳದಿಯಾಗಿ ಮುರಿಯುವಂತಾಗುತ್ತದೆ. ಸುತ್ತಿಡದೆ, ಮಡಚದೆ, ಒಣಗಿದ ಕತ್ತಲೆ ಜಾಗದಲ್ಲಿ ಚಪ್ಪಟೆಯಾಗಿ ಇಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಗೋಡೆಗೆ ಹಾಕಬೇಕೆಂದರೆ ಸ್ಕ್ಯಾನ್ ಮಾಡಿಸಿದ ಪ್ರತಿ ಹಾಕಿ, ಮೂಲ ಒಳಗಿರಲಿ. ದೊಡ್ಡ ಬಟ್ಟೆಗಳನ್ನು ಮಡಿಕೆ ಬೀಳದಂತೆ ಸುತ್ತಿಡಿ. ಕುರ್ಚಿಗಳನ್ನು ಮಾತ್ರ ಮುಚ್ಚಿಡಬೇಡಿ, ಕೂರಲಿಕ್ಕೇ ಮಾಡಿಸಿದ್ದು ಅವು.

ಒಂದು ಕೆಲಸ ತಡ ಮಾಡಬೇಡಿ. ಅವರ ಜೊತೆ ದುಡಿದ ಬಡಗಿಗಳನ್ನು, ಪೇಂಟರ್‌ಗಳನ್ನು ಕರೆಸಿ ನಕ್ಷೆಗಳನ್ನು ಮುಂದೆ ಹರಡಿ. ಯಾವ ಮನೆಯ ಯಾವ ಗೋಡೆ, ಅಲ್ಲಿ ಯಾಕೆ ಹಾಗೆ ಮಾಡಿಸಿದರು, ಯಾರಿಗೋಸ್ಕರ ಅಂತ ಅವರಿಗೆ ನೆನಪಿರುತ್ತದೆ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಆಯಾ ನಕ್ಷೆಯ ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.