‘ಆಕಸ್ಮಿಕ’: ಕಾರಣವಿಲ್ಲದ್ದೋ, ಉದ್ದೇಶವಿಲ್ಲದ್ದೋ?

ಕಾರ್ಖಾನೆಯೊಂದರ ಅಪಘಾತದ ತನಿಖಾ ವರದಿಯ ಕಡೆಯ ಪುಟದಲ್ಲಿ ಮೊನ್ನೆ ಮತ್ತೆ ಅದೇ ಸಾಲು ಕಂಡೆ: ‘ಸದರಿ ಘಟನೆಯು ಆಕಸ್ಮಿಕವಾಗಿ ಸಂಭವಿಸಿರುವುದಾಗಿ ತಿಳಿದುಬಂದಿರುತ್ತದೆ.’ ಹನ್ನೊಂದು ಪುಟ ಬರೆದು, ಆರು ಜನರ ಹೇಳಿಕೆ ಪಡೆದು, ಫೋಟೊ ಅಂಟಿಸಿ, ಕೊನೆಗೆ ತಿಳಿದುಬಂದದ್ದು ಇಷ್ಟು. ಆ ಪದದ ಒಳಗೆ ಏನಿದೆ ಎಂದು ಗೊತ್ತಿದ್ದರೆ ರುಜು ಹಾಕುವ ಕೈ ಒಂದು ಗಳಿಗೆಯಾದರೂ ತಡೆಯುತ್ತಿತ್ತು.

ಬಿಡಿಸಿ ನೋಡೋಣ. ಸಂಸ್ಕೃತದ ‘ಕಿಮ್’ ಶಬ್ದದ ಪಂಚಮೀ ವಿಭಕ್ತಿರೂಪ ‘ಕಸ್ಮಾತ್’. ಯಾವುದರಿಂದ, ಯಾತರಿಂದ, ಏಕೆ ಎಂದು ಅರ್ಥ. ಅದಕ್ಕೆ ನಿಷೇಧದ ‘ಅ’ ಹತ್ತಿದರೆ ‘ಅಕಸ್ಮಾತ್’: ‘ಏಕೆ’ ಎಂಬುದೇ ಇಲ್ಲದೆ. ಅದರಿಂದ ಬಂದದ್ದು ‘ಆಕಸ್ಮಿಕ’. (ಮೊದಲಕ್ಷರ ದೀರ್ಘ. ‘ಅಕಸ್ಮಿಕ’ ಎಂದು ಬರೆಯುವವರ ಮೇಲಿನ ಸಿಟ್ಟನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ.) ತನಿಖೆ ಹೊರಡುವುದೇ ‘ಕಸ್ಮಾತ್?’ ಎಂದು ಕೇಳಲು. ಅದು ‘ಅಕಸ್ಮಾತ್’ ಎಂಬ ಉತ್ತರ ಹೊತ್ತು ಹಿಂದಿರುಗಿದರೆ, ಬಾವಿಗಿಳಿದ ಕೊಡ ಬಾವಿಯೇ ಇಲ್ಲ ಎಂದಂತೆ.

ಇದು ಹೊಸ ಜಗಳವೇನಲ್ಲ. ಕಾರಣವಿಲ್ಲದೆಯೂ ವಸ್ತುಗಳು ಹುಟ್ಟುತ್ತವೆ ಎನ್ನುವ ಆಕಸ್ಮಿಕವಾದ ನಮ್ಮ ಹಳೆಯ ತರ್ಕದಲ್ಲೇ ಒಂದು ಪಕ್ಷವಾಗಿತ್ತು. ಮುಳ್ಳಿನ ಮೊನೆಯನ್ನು ಯಾರು ಚೂಪು ಮಾಡಿದರು, ಹೇಳಿ ನೋಡೋಣ ಎಂಬುದು ಅವರ ಸವಾಲು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಪಟ್ಟು ಹಿಡಿದು ಅದನ್ನು ಖಂಡಿಸಿದರು. ನಮ್ಮ ಕಾರ್ಖಾನೆಗಳ ಕಡತಗಳಲ್ಲಿ ಮಾತ್ರ ಆಕಸ್ಮಿಕವಾದವೇ ಗೆದ್ದು ಕೂತಿದೆ.

ತಮಾಷೆಯೆಂದರೆ ಆಡುಗನ್ನಡ ಈ ಪದವನ್ನು ಎಲ್ಲಿಗೋ ಒಯ್ದಿದೆ. ‘ಅಕಸ್ಮಾತ್ ಮಳೆ ಬಂದ್ರೆ ಇರಲಿ, ಕೊಡೆ ತಗೊಂಡು ಹೋಗು’ ಎನ್ನುತ್ತಾಳೆ ಅಮ್ಮ. ‘ಅಕಸ್ಮಾತ್ ಕರೆಂಟ್ ಹೋದ್ರೆ’ ಎಂದು ದೇವರಮನೆಯಲ್ಲಿ ಬೆಂಕಿಪೊಟ್ಟಣ ಇಟ್ಟಿರುತ್ತಾಳೆ ಅಜ್ಜಿ. ಇಲ್ಲಿ ‘ಅಕಸ್ಮಾತ್’ ಎಂದರೆ ಎಣಿಸದೆ ಬಂದದ್ದಲ್ಲ, ಎಣಿಸಿ ಆಗಲೇ ಸಿದ್ಧವಾಗಿರುವುದು. ಸಂಸ್ಕೃತದ ಅರ್ಥಕ್ಕೆ ಇದು ಹೆಚ್ಚುಕಡಿಮೆ ತಿರುಗುಮುರುಗು. ಸುರಕ್ಷತಾ ಅಧಿಕಾರಿಗಳು ದಿನಗಟ್ಟಲೆ ತರಬೇತಿಯಲ್ಲಿ ಹೇಳಿಕೊಡುವುದನ್ನು ಅಜ್ಜಿ ಒಂದು ‘ರೆ’ ಪ್ರತ್ಯಯದಲ್ಲಿ ಮುಗಿಸಿದ್ದಾಳೆ.

ಹಾಗಾದರೆ ಪದವೇ ತಪ್ಪೇ? ಅಲ್ಲ. ಪೊಲೀಸರೋ ವಿಮೆಯವರೋ ‘ಆಕಸ್ಮಿಕ ಸಾವು’ ಎಂದಾಗ ಅವರು ಹೇಳುವುದು ಯಾರೂ ಬೇಕೆಂದು ಮಾಡಿದ್ದಲ್ಲ ಎಂದು. ಅವರ ಪ್ರಶ್ನೆ ಉದ್ದೇಶದ್ದು, ಕಾರಣದ್ದಲ್ಲ. ಎಡವಟ್ಟಾಗುವುದು ಉದ್ದೇಶವಿಲ್ಲ ಎಂಬುದನ್ನು ಕಾರಣವಿಲ್ಲ ಎಂದು ಓದಿಕೊಂಡಾಗ.

ಈ ಗೊಂದಲದಿಂದ ಪಾರಾದೆವು ಅಂದುಕೊಂಡವರು ಬೀಳುವ ಇನ್ನೊಂದು ಹಳ್ಳವಿದೆ: ‘ಕಾರ್ಮಿಕನ ಅಜಾಗರೂಕತೆ’. ಲೋಹದ ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನಲ್ಲಿ ಒಬ್ಬನ ಬೆರಳು ಹೋಯಿತು ಎನ್ನಿ. ಎರಡು ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್ ಅದು. ಒಂದು ಬಟನ್ನನ್ನು ಟೇಪ್ ಸುತ್ತಿ ಒತ್ತಿಯೇ ಇಡಲಾಗಿತ್ತು. ‘ಅವನೇ ಸುತ್ತಿದ್ದು ಸಾರ್’ ಎಂದರೆ ಕಡತ ಮುಚ್ಚಿತು. ಯಾಕೆ ಸುತ್ತಿದ? ಎರಡೂ ಕೈ ಬಳಸಿದರೆ ಶಿಫ್ಟಿಗೆ ಹೇಳಿದಷ್ಟು ಪೀಸ್ ಆಗುವುದಿಲ್ಲ. ಅಷ್ಟು ಪೀಸ್ ಎಂದು ಗೊತ್ತುಮಾಡಿದವರು ಯಾರು? ಒಂದು ಬಟನ್ ಸದಾ ಒತ್ತಿಯೇ ಇದ್ದರೂ ಇಳಿಯುವ ಪ್ರೆಸ್ಸನ್ನು ಓಡಿಸಲು ಒಪ್ಪಿದವರು ಯಾರು? ಟೇಪು ದಿನವೂ ಕಣ್ಣಿಗೆ ಬೀಳುತ್ತಿದ್ದರೂ ಸೂಪರ್‌ವೈಸರ್ ಸುಮ್ಮನಿದ್ದದ್ದು ಯಾಕೆ? ಅಮೆರಿಕದ ಹೈನ್‌ರಿಚ್ ಎಂಬ ವಿಮಾ ಕಂಪನಿಯ ಮನುಷ್ಯ 1931ರಲ್ಲಿ, ನೂರರಲ್ಲಿ 88 ಅಪಘಾತ ಕೆಲಸಗಾರರ ಅಸುರಕ್ಷಿತ ನಡವಳಿಕೆಯಿಂದಲೇ ಎಂದು ಬರೆದ. ಅಪಘಾತವಾದ ಮೇಲೆ ಮೇಲ್ವಿಚಾರಕರೇ ಬರೆದುಕೊಟ್ಟ ವರದಿಗಳನ್ನು ಬಹಳವಾಗಿ ನೆಚ್ಚಿ ತೆಗೆದ ಲೆಕ್ಕ ಅದು. ಇವತ್ತಿಗೂ ಗೋಡೆಯ ಪೋಸ್ಟರುಗಳಲ್ಲಿ ಆ 88 ಬದುಕಿದೆ.

ಕೇಳುತ್ತ ಹೋದರೆ ಏನು ಸಿಗುತ್ತದೆ ಎಂಬುದಕ್ಕೆ ವಿಶಾಖಪಟ್ಟಣ ಸಾಕು. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್‌ನ ಟ್ಯಾಂಕಿನಿಂದ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಎಂಬ ದ್ರವದ ಆವಿ ಹೊರನುಗ್ಗಿ ಹನ್ನೆರಡು ಮಂದಿ ಸತ್ತರು. ಲಾಕ್‌ಡೌನಿನಲ್ಲಿ ನಿಂತಿದ್ದ ಕಾರ್ಖಾನೆ, ಯಾರೂ ಏನೂ ಮಾಡಿರಲಿಲ್ಲ, ‘ಆಕಸ್ಮಿಕ’ ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆದರೆ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ನೋಡಿದಾಗ ಕಂಡದ್ದು ಬೇರೆ. ಟ್ಯಾಂಕಿನ ಉಷ್ಣತೆ ಅಳೆಯುವ ಸಾಧನ ತಳದಲ್ಲಿತ್ತು, ಬಿಸಿಯೇರಿದ್ದು ಮೇಲೆ. ಸ್ಟೈರೀನ್ ತಾನಾಗಿ ಗಟ್ಟಿಯಾಗತೊಡಗಿ ಬಿಸಿಯೇರದಂತೆ ತಡೆಯುವ ರಾಸಾಯನಿಕ ಸಾಲದಾಗಿತ್ತು. ತಂಪು ಮಾಡುವ ವ್ಯವಸ್ಥೆ ರಾತ್ರಿ ಓಡುತ್ತಿರಲಿಲ್ಲ. ಸೈರನ್ ಇತ್ತು, ಮೊಳಗಲಿಲ್ಲ. ಇಷ್ಟು ‘ಕಸ್ಮಾತ್’ಗಳು ಸಾಲಾಗಿ ನಿಂತ ಮೇಲೆ ‘ಅ’ ಅಂಟಿಸಲು ಜಾಗವೆಲ್ಲಿ?

ಕಾನೂನು ಬರೆದವರು ಪದದ ವಿಷಯದಲ್ಲಿ ನಮಗಿಂತ ಹುಷಾರಿ. 1948ರ ಕಾರ್ಖಾನೆಗಳ ಕಾಯ್ದೆಗೆ 1976ರಲ್ಲಿ 88ಎ ಎಂಬ ಕಲಮು ಸೇರಿತು. ಅದರ ವಿಷಯ ‘ಅಪಾಯಕಾರಿ ಘಟನೆ’. ಯಾರಿಗಾದರೂ ಪೆಟ್ಟಾಗಲಿ ಆಗದಿರಲಿ, ಗೊತ್ತುಪಡಿಸಿದ ಬಗೆಯದಾದರೆ ಮ್ಯಾನೇಜರ್ ತಿಳಿಸಲೇಬೇಕು ಎಂದಿತು. ನಮ್ಮ ಬಾಯಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ. ಕ್ರೇನಿನ ಹಗ್ಗ ಹರಿದು ಕೆಳಗಿದ್ದವನು ಸತ್ತರೆ ‘ಆಕಸ್ಮಿಕವಾಗಿ’, ಎರಡಡಿ ಆಚೆ ಬಿದ್ದರೆ ‘ಅದೃಷ್ಟವಶಾತ್’. ‘ಅದೃಷ್ಟ’ ಎಂದರೂ ಕಣ್ಣಿಗೆ ಕಾಣದ್ದು ಎಂದೇ ಅರ್ಥ. ಹರಿದ ಹಗ್ಗ ಮಾತ್ರ ಕಾಣುವ ಹಾಗೆಯೇ ಗುಜರಿ ಮೂಲೆಯಲ್ಲಿ ಬಿದ್ದಿರುತ್ತದೆ, ಯಾರೂ ಎತ್ತಿ ನೋಡಿರುವುದಿಲ್ಲ.